ಬೀಜವಿಲ್ಲದ ಬಿಳಿ ದ್ರಾಕ್ಷಿ: ಮಣೂಕ ಮಾಡೋಣವೋ, ವೈನ್ ಮಾಡೋಣವೋ?

(ಸಂಘದ ರಜತ ಮಹೋತ್ಸವದ ರೈತ ಗೋಷ್ಠಿಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಸಂಭ್ರಮದಲ್ಲಿ ಸಂಘದ ಇತಿಹಾಸ, ಹಿರಿಯರ ತ್ಯಾಗ ಇವನ್ನೆಲ್ಲ ಹೇಳಲು ನಮಗಿಂತ ಯೋಗ್ಯರು ಇದ್ದಾರೆ. ಅವರು ಹೇಳಿಯೂ ಆಗಿದೆ. ನಮಗೆ ಕೊಟ್ಟ ವಿಷಯ ದ್ರಾಕ್ಷಿ. ಅದರಲ್ಲೂ ನಾವು ನೀವೆಲ್ಲ ಪಡದಾಗ ಹಚ್ಚಿರುವ ಬೀಜವಿಲ್ಲದ ಬಿಳಿ ದ್ರಾಕ್ಷಿ, ಅಂದರೆ ಥಾಮ್ಸನ್ ಸೀಡ್‌ಲೆಸ್. ಇದನ್ನು ಆರಿಸಿಕೊಳ್ಳಲು ಕಾರಣ ಇದೆ. ಕಳೆದ ಸರ್ವಸಾಧಾರಣ ಸಭೆಯಲ್ಲಿ ಕೆಲವು ತರುಣ ಸದಸ್ಯರು ಎದ್ದು ನಿಂತು, "ಮಣೂಕದ ದರ ಬಿದ್ದಾಗೊಮ್ಮೆ ಅಳೋದಕ್ಕಿಂತ ಸಂಘದ ನಿಧಿಯೊಳಗ ಒಂದು ವೈನ್ ಘಟಕ ಯಾಕ ಹಾಕಬಾರದು?" ಎಂದು ಕೇಳಿದರು. ಅದೇ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಂದಿರು, "ಸಂಘದ ರೊಕ್ಕದಾಗ ಸೆರೆ ಕಾಸ್ತೀರೇನ್ರೀ?" ಎಂದು ಇನ್ನೊಂದು ಪ್ರಶ್ನೆ ಹಾಕಿದರು. ಎರಡಕ್ಕೂ ಆ ದಿನ ಉತ್ತರ ಕೊಡಲಿಲ್ಲ. ಊಟದ ಹೊತ್ತಾಗಿತ್ತು, ಸಭೆ ಮುಗಿಯಿತು. ಆ ಪ್ರಶ್ನೆಗಳು ಮಾತ್ರ ಮುಗಿದಿಲ್ಲ. ನಾವು ಎಸ್ಸೆಸ್ಸೆಲ್ಸಿ ತನಕ ಓದಿದ ಒಕ್ಕಲಿಗರು, ವಿಜ್ಞಾನಿಗಳಲ್ಲ. ಆದರೂ ಪಡದಾಗ ದುಡಿದು ಕಲಿತದ್ದು, ತಿಳಿದವರನ್ನು ಕೇಳಿ ಓದಿಕೊಂಡದ್ದು ಎರಡನ್ನೂ ಸೇರಿಸಿ ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಈ ಬಳ್ಳಿ ಯಾರ ಮನಿ ಮಗಳು ಅಂತ ನೋಡೋಣ. ಥಾಮ್ಸನ್ ಅಂತ ಹೆಸರಿದ್ದರೂ ಇದು ಇಂಗ್ಲೆಂಡಿನದೂ ಅಲ್ಲ, ಅಮೆರಿಕದ್ದೂ ಅಲ್ಲ. ಇರಾನ್, ಅಫ್ಘಾನಿಸ್ತಾನ, ತುರ್ಕಿ ಈ ಕಡೆಯ ಬಹಳ ಹಳೆಯ ತಳಿ. ಅಲ್ಲಿ ಕಿಶ್ಮಿಶ್ ಅನ್ನುತ್ತಾರೆ. ನಮ್ಮ ಅಂಗಡಿಯವರು ಒಣದ್ರಾಕ್ಷಿಗೆ ಕಿಸ್‌ಮಿಸ್ ಅನ್ನುವುದು ಅಲ್ಲಿಂದಲೇ ಬಂದದ್ದು. ತುರ್ಕಿಯಲ್ಲಿ ಇಜ್ಮೀರ್, ಮನಿಸಾ ಕಡೆ ಇದೇ ಬಳ್ಳಿಗೆ ಸುಲ್ತಾನಿಯೆ ಎಂಬ ಹೆಸರು. ಇರಾನಿನ ಮಲಾಯೆರ್ ಹತ್ತಿರ ಜೋಜಾನ್ ಕಣಿವೆ ಅಂತಿದೆ, ಅಲ್ಲಿ ತಲೆತಲಾಂತರದಿಂದ ದ್ರಾಕ್ಷಿ ಬೆಳೆದು ಒಣಗಿಸುವ ಪದ್ಧತಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಕೃಷಿ ಪರಂಪರೆಯ ಮನ್ನಣೆ ಕೊಟ್ಟಿದೆ. ಅಂದರೆ ನಾವು ಫೆಬ್ರುವರಿ–ಮಾರ್ಚಿನಲ್ಲಿ ಶೆಡ್ಡಿನೊಳಗೆ ಮಾಡುವ ಕೆಲಸ ಸಾಮಾನ್ಯದ್ದಲ್ಲ.

ಇನ್ನು ಥಾಮ್ಸನ್ ಯಾರು? ವಿಲಿಯಂ ಥಾಮ್ಸನ್ ಅಂತ ಇಂಗ್ಲೆಂಡಿನಿಂದ ಹೋಗಿ ಕ್ಯಾಲಿಫೋರ್ನಿಯಾದ ಯೂಬಾ ಸಿಟಿ ಹತ್ತಿರ ನೆಲೆಸಿದ ರೈತ. 1872ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನ ಒಂದು ನರ್ಸರಿಯಿಂದ ಮೂರು ಕಡ್ಡಿ ತರಿಸಿದ. ಎರಡು ಒಣಗಿದವು, ಒಂದು ಚಿಗುರಿತು. ಆ ಒಂದು ಕಡ್ಡಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಇದು ಹಬ್ಬಿತು, ಅವನ ಹೆಸರೇ ನಿಂತಿತು. ನರ್ಸರಿಯವರು ಬರೆದು ಕೊಟ್ಟ ಹೆಸರು ಬೇರೆಯೇ ಇತ್ತು, ಯಾರಿಗೂ ನೆನಪಿಲ್ಲ. ಸಸಿ ಕೊಟ್ಟವರಿಗಿಂತ ಬದುಕಿಸಿದವರ ಹೆಸರು ಉಳಿಯಿತು ಎಂಬುದು ಒಕ್ಕಲಿಗರಾದ ನಮಗೆ ಸಮಾಧಾನದ ಮಾತು.

ನಮ್ಮ ಕಡೆಗೆ ಇದು ಬಂದದ್ದು ಮಹಾರಾಷ್ಟ್ರದ ದಾರಿಯಿಂದ. ಸಾಂಗ್ಲಿ, ಸೊಲ್ಲಾಪುರದ ರೈತರು ತಮ್ಮ ಪಡಗಳಲ್ಲಿ ಬೇರೆ ತರಹ ಕಂಡ ಬಳ್ಳಿಗಳನ್ನು ಗುರುತಿಸಿ, ಕಡ್ಡಿ ಕಟ್ಟಿ ಬೆಳೆಸಿದರು. ತಾಸಗಾಂವ್ ಕಡೆಯ ತಾಸ್-ಎ-ಗಣೇಶ್, ಸೊಲ್ಲಾಪುರ ಹತ್ತಿರದ ನಾನಜ್ ಗ್ರಾಮದ ಸೋನಾಕಾ, ಅದೇ ಭಾಗದ ಮಾಣಿಕ್ ಚಮನ್, ಇವೆಲ್ಲ ಥಾಮ್ಸನ್ ಬಳ್ಳಿಯ ಒಡಲಿನಿಂದಲೇ ಬಂದವು, ರೈತರೇ ಕಂಡುಹಿಡಿದವು. ಇಂದು ವಿಜಯಪುರ ಜಿಲ್ಲೆ ಕರ್ನಾಟಕದಲ್ಲಿ ದ್ರಾಕ್ಷಿಗೆ ಮೊದಲ ಸ್ಥಾನದಲ್ಲಿರುವುದು ನಿಮಗೆಲ್ಲ ಗೊತ್ತು. ತಿಕೋಟಾ, ಬಬಲೇಶ್ವರ ಕಡೆ ಹಾದು ಹೋದರೆ ರಸ್ತೆಯ ಎರಡೂ ಬದಿ ಪಡಗಳೇ.

ಬೀಜ ಯಾಕೆ ಇಲ್ಲ? ನಮ್ಮ ಮಕ್ಕಳು ಕೇಳುತ್ತಾರೆ, ನಾವೂ ಕೇಳಿಕೊಂಡಿದ್ದೆವು. ಹೂವು ಕಟ್ಟುವಾಗ ಎಲ್ಲ ದ್ರಾಕ್ಷಿಯಂತೆ ಇದರೊಳಗೂ ಬೀಜ ಹುಟ್ಟುತ್ತದೆ, ಸ್ವಲ್ಪ ದಿನ ಬೆಳೆದು ನಿಂತುಬಿಡುತ್ತದೆ. ಕಾಳು ಸೀಳಿ ನೋಡಿದರೆ ಮೆತ್ತಗಿನ ಸಣ್ಣ ಗುರುತು ಕಾಣುತ್ತದೆ. ಬೀಜ ಬೆಳೆದರೆ ಅದರಿಂದಲೇ ಕಾಳು ದಪ್ಪ ಮಾಡುವ ರಸ ಹೊರಡುತ್ತದೆ. ಬೀಜ ನಿಂತಾಗ ಆ ರಸವೂ ನಿಲ್ಲುತ್ತದೆ, ಕಾಳು ಸಣ್ಣದಾಗಿ ಉಳಿಯುತ್ತದೆ. ನಾವು ಗೊನೆಗೆ ಜಿಎ ಹೊಡೆಯುವುದು, ಡಿಪ್ಪಿಂಗ್ ಮಾಡುವುದು ಅದಕ್ಕೇ: ಬೀಜ ಕೊಡಬೇಕಾದ್ದನ್ನು ನಾವು ಹೊರಗಿನಿಂದ ಕೊಡುತ್ತೇವೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ವೈನಿನ ಮಾತು ಬಂದಾಗ ಬೇಕಾಗುತ್ತದೆ.

ಇನ್ನೊಂದು ಗುಣ. ಈ ಬಳ್ಳಿ ಕಡ್ಡಿಯ ಬುಡದ ಕಣ್ಣಿನಲ್ಲಿ ಗೊನೆ ಕೊಡುವುದಿಲ್ಲ, ಮುಂದಿನ ಕಣ್ಣುಗಳಲ್ಲಿ ಕೊಡುತ್ತದೆ. ಅದಕ್ಕೇ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಸಲ ಕತ್ತರಿ ಹಿಡಿಯುತ್ತೇವೆ, ಬೆಳೆ ಮಾತ್ರ ಒಂದೇ. ಏಪ್ರಿಲ್ ಚಾಟ್ನಿಯ ನಂತರ ಬರುವ ಕಡ್ಡಿಗೆ ಬಿಸಿಲು ಚೆನ್ನಾಗಿ ಬಿದ್ದರೆ ಒಳಗೆ ಗೊನೆಯ ಕಣ್ಣು ಕಟ್ಟುತ್ತದೆ. ಆ ದಿನಗಳಲ್ಲಿ ಪಡ ಕತ್ತಲು ಮಾಡಿ ಬಿಟ್ಟವರು ಅಕ್ಟೋಬರದಲ್ಲಿ ಬರೀ ಬಳ್ಳಿ ನೋಡಬೇಕಾಗುತ್ತದೆ. ಬೇರಿನ ವಿಷಯದಲ್ಲಿ ಡಾಗ್‌ರಿಜ್ ಬಂದದ್ದು ನಮ್ಮ ಭಾಗಕ್ಕೆ ದೊಡ್ಡ ಉಪಕಾರ. ಅಮೆರಿಕದ ಟೆಕ್ಸಾಸ್ ಕಡೆಯ ಕಾಡುದ್ರಾಕ್ಷಿಯ ಬೇರು ಅದು. ಸವಳು ನೀರು, ಬರ ಎರಡನ್ನೂ ಥಾಮ್ಸನ್ನಿನ ಸ್ವಂತ ಬೇರಿಗಿಂತ ಹೆಚ್ಚು ತಡೆಯುತ್ತದೆ. ಬೋರಿನ ನೀರು ಉಪ್ಪಾದ ಮೇಲೂ ನಮ್ಮ ಪಡ ಹಸಿರು ಉಳಿದಿದ್ದರೆ ಆ ಕಾಡು ಬೇರಿನ ಪುಣ್ಯ.

ಈಗ ಮಣೂಕ. ಇದು ನಮಗೆ ಗೊತ್ತಿರುವ ವಿದ್ಯೆ ಅಂತ ಹೇಳಿ ಬೇಗ ದಾಟಿಬಿಡಬಾರದು, ಏಕೆಂದರೆ ಹಣ ಸೋರಿ ಹೋಗುವುದು ಇಲ್ಲೇ. ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ ಕಲಿಸಿ ಗೊನೆ ಅದ್ದುತ್ತೇವೆ. ಕಾಳಿನ ಮೇಲೆ ಇರುವ ಬೂದಿಯಂಥ ಮೇಣದ ಪೊರೆಯನ್ನು ಈ ದ್ರಾವಣ ಸಡಿಲು ಮಾಡುತ್ತದೆ, ಒಳಗಿನ ನೀರು ಹೊರ ಹೋಗಲು ದಾರಿಯಾಗುತ್ತದೆ. ಶೆಡ್ಡಿನ ಜಾಳಿಗೆಯ ಮೇಲೆ ಹರವಿದರೆ ನಮ್ಮ ಹವೆಯಲ್ಲಿ ಎರಡು ವಾರದ ಒಳಗೆ ಒಣಗುತ್ತದೆ. ಆಸ್ಟ್ರೇಲಿಯಾದಲ್ಲಿ ಮಿಲ್ಡುರಾ ಎಂಬ ಊರಿದೆ, 1887ರಲ್ಲಿ ಚಾಫಿ ಎಂಬ ಅಣ್ಣತಮ್ಮಂದಿರು ಕ್ಯಾಲಿಫೋರ್ನಿಯಾದಿಂದ ಹೋಗಿ ನದಿಯ ನೀರೆತ್ತಿ ಮರಳುಗಾಡಿನಂಥ ನೆಲದಲ್ಲಿ ಕಟ್ಟಿಸಿದ ಊರು. ಅಲ್ಲಿಯೂ ಇದೇ ಬಳ್ಳಿ, ಇಂಥದೇ ಎಣ್ಣೆ-ಖಾರದ ನೀರು, ಇಂಥದೇ ಜಾಳಿಗೆಯ ಶೆಡ್ಡು. ಅವರು ಇದಕ್ಕೆ ಸುಲ್ತಾನಾ ಅನ್ನುತ್ತಾರೆ.

ಒಂದು ಲೆಕ್ಕ ಹೇಳುತ್ತೇವೆ, ಬರೆದುಕೊಳ್ಳಿ. ಮಣೂಕದಲ್ಲಿ ಉಳಿಯುವ ನೀರು ನೂರಕ್ಕೆ ಹದಿನೈದರಷ್ಟು. ಹಸಿ ಕಾಯಿಯಲ್ಲಿ 22 ಬ್ರಿಕ್ಸ್ ಸಕ್ಕರೆ ಬಂದ ಮೇಲೆ ಕೊಯ್ದರೆ ಒಂದು ಟನ್ನಿಗೆ ಸುಮಾರು 255 ಕಿಲೋ ಮಣೂಕ ಬರಬೇಕು. ಅಂದರೆ ನಾಲ್ಕಕ್ಕೆ ಒಂದು. ಅದೇ 18 ಬ್ರಿಕ್ಸಿನಲ್ಲಿ ಅವಸರ ಮಾಡಿ ಕೊಯ್ದರೆ 210 ಕಿಲೋ. ಬಳ್ಳಿ ಅದೇ, ಗೊಬ್ಬರ ಅದೇ, ಕೂಲಿ ಅದೇ. ಟನ್ನಿಗೆ 45 ಕಿಲೋ ಗಾಳಿಯಲ್ಲಿ ಹೋಯಿತು. ಮೇಲೆ ಬಣ್ಣವೂ ಬರುವುದಿಲ್ಲ, ಕಾಳು ಚಪ್ಪಟೆಯಾಗುತ್ತದೆ. ಮಳೆ ಬರುತ್ತದೆಂಬ ಹೆದರಿಕೆಯಿಂದ ಬೇಗ ಕೊಯ್ಯುವವರನ್ನು ನಾವು ದೂರುವುದಿಲ್ಲ. ಮೋಡ ನೋಡಿದರೆ ಎದೆ ಡವಡವ ಅನ್ನದ ದ್ರಾಕ್ಷಿ ಬೆಳೆಗಾರ ಇಲ್ಲ. ಆದರೆ ಮೋಡವಿಲ್ಲದ ವರ್ಷವೂ ವ್ಯಾಪಾರಿ ಗಾಡಿ ತಂದನೆಂದು ಕೊಯ್ಯುವುದಕ್ಕೆ ಏನು ಹೇಳಬೇಕು?

ಇಷ್ಟಾದ ಮೇಲೆ ವೈನಿಗೆ ಬರೋಣ. ಥಾಮ್ಸನ್ನಿನಿಂದ ವೈನ್ ಆಗುತ್ತದೆಯೇ? ಆಗುತ್ತದೆ. ಜಗತ್ತಿನಲ್ಲಿ ಬಹಳ ಆಗಿದೆ. ಹಣ್ಣು ಹಿಂಡಿ, ಸಿಪ್ಪೆ ಬೇರೆ ಮಾಡಿ, ರಸಕ್ಕೆ ಯೀಸ್ಟ್ ಹಾಕಿದರೆ ಅದು ಸಕ್ಕರೆ ತಿಂದು ಮದ್ಯಸಾರ ಮಾಡುತ್ತದೆ. 22 ಬ್ರಿಕ್ಸಿನ ರಸದಿಂದ ನೂರಕ್ಕೆ ಹನ್ನೆರಡರಷ್ಟು ಮದ್ಯಸಾರದ ಬಿಳಿ ವೈನ್. ಸಕ್ಕರೆಯ ವಿಷಯದಲ್ಲಿ ನಮ್ಮ ದ್ರಾಕ್ಷಿಗೆ ಕೊರತೆ ಇಲ್ಲ. ಕೊರತೆ ಇರುವುದು ಹುಳಿಯಲ್ಲಿ ಮತ್ತು ಪರಿಮಳದಲ್ಲಿ. ಬಿಸಿ ನಾಡಿನಲ್ಲಿ ಹಣ್ಣು ಮಾಗುವಾಗ ಸಕ್ಕರೆ ಏರಿದಂತೆ ಹುಳಿ ಇಳಿದುಬಿಡುತ್ತದೆ. ಹುಳಿಯಿಲ್ಲದ ಬಿಳಿ ವೈನ್ ಎಂದರೆ ಹುಣಸಿಹಣ್ಣಿಲ್ಲದ ಸಾರು. ಹೊರಗಿನಿಂದ ಟಾರ್ಟಾರಿಕ್ ಆಮ್ಲ ಹಾಕಿ ಸರಿ ಮಾಡುತ್ತಾರೆ. ಪರಿಮಳವನ್ನು ಹಾಗೆ ಹಾಕಲಾಗುವುದಿಲ್ಲ. ಮಸ್ಕಟ್ ದ್ರಾಕ್ಷಿ ಬಾಯಿಗಿಟ್ಟರೆ ಹೂವಿನ ವಾಸನೆ ಬರುತ್ತದೆ, ಥಾಮ್ಸನ್ ಬರೀ ಸಿಹಿ. ತಿನ್ನಲು, ಒಣಗಿಸಲು ಅದೇ ಒಳ್ಳೆಯದು, ಗಾಜಿನ ಲೋಟಕ್ಕೆ ಅದೇ ಕೆಟ್ಟದ್ದು. ಇದರ ರಸ ಗಾಳಿಗೆ ಬೇಗ ಕಂದು ತಿರುಗುತ್ತದೆ ಕೂಡ. ಇನ್ನು ನಾವು ಜಿಎ ಕೊಟ್ಟು ಬೆಳೆಸಿದ ದಪ್ಪ ಕಾಳು ಇದೆಯಲ್ಲ, ಅದರೊಳಗೆ ನೀರೇ ಜಾಸ್ತಿ. ವೈನಿನವರಿಗೆ ಸಣ್ಣ ಕಾಳು ಬೇಕು, ಸಂತೆಯವರಿಗೆ ದೊಡ್ಡ ಕಾಳು. ಒಂದೇ ಪಡದಿಂದ ಇಬ್ಬರನ್ನೂ ಮೆಚ್ಚಿಸುವುದು ಕಷ್ಟ.

ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಮೂರು ದಾರಿಯ ದ್ರಾಕ್ಷಿ ಎನ್ನುತ್ತಿದ್ದರು. ತಿನ್ನಲು, ಒಣಗಿಸಲು, ಹಿಂಡಲು. ಮೂರನೆಯ ದಾರಿ ಯಾವಾಗಲೂ ಉಳಿದ ಮಾಲಿನ ದಾರಿ. 1970ರ ದಶಕದಲ್ಲಿ ಅಮೆರಿಕದವರು ಒಮ್ಮೆಲೇ ಬಿಳಿ ವೈನ್ ಕುಡಿಯಲು ಶುರು ಮಾಡಿದರು, ಒಳ್ಳೆ ಬಿಳಿ ತಳಿಗಳ ತೋಟ ಅಷ್ಟು ಇರಲಿಲ್ಲ. ಆಗ ಥಾಮ್ಸನ್ ರಸ ರಾಶಿಗಟ್ಟಲೆ ದೊಡ್ಡ ದೊಡ್ಡ ಹೂಜಿ ಬಾಟ್ಲಿಗಳಿಗೆ ಹೋಯಿತು. ಮೇಲೆ ಹಚ್ಚಿದ ಹೆಸರು "ಶಾಬ್ಲಿ". ನಿಜವಾದ ಶಾಬ್ಲಿ ಫ್ರಾನ್ಸಿನ ಒಂದು ಊರು, ಅಲ್ಲಿ ಶಾರ್ಡನೆ ಎಂಬ ತಳಿ ಬಿಟ್ಟು ಬೇರೆಯದರಿಂದ ಮಾಡುವಂತಿಲ್ಲ. ತಳಿಯ ಹೆಸರು ಬರೆದ ಬಾಟ್ಲಿಯಲ್ಲೂ 1983ರ ತನಕ ಅಲ್ಲಿಯ ಕಾಯ್ದೆ ಪ್ರಕಾರ ಆ ತಳಿ ನೂರಕ್ಕೆ 51 ಇದ್ದರೆ ಸಾಕಿತ್ತು. ಉಳಿದದ್ದರಲ್ಲಿ ನಮ್ಮ ಈ ಬಡಪಾಯಿಯನ್ನು ಸೇರಿಸಲು ಅಡ್ಡಿ ಇರಲಿಲ್ಲ. ಆಮೇಲೆ ಅದನ್ನು 75ಕ್ಕೆ ಏರಿಸಿದರು, ಶಾರ್ಡನೆ ತೋಟಗಳೂ ಬೆಳೆದವು. ಥಾಮ್ಸನ್ ಮತ್ತೆ ಮಣೂಕಕ್ಕೆ, ಬ್ರಾಂಡಿ ಭಟ್ಟಿಗೆ ಮರಳಿತು. ಆಸ್ಟ್ರೇಲಿಯಾದಲ್ಲಿಯೂ ಹಾಗೆಯೇ. 1965ರಲ್ಲಿ ಥಾಮಸ್ ಆಂಗೊವ್ ಎಂಬವರು ರಟ್ಟಿನ ಡಬ್ಬಿಯೊಳಗೆ ಪ್ಲಾಸ್ಟಿಕ್ ಚೀಲ ಇಟ್ಟು ವೈನ್ ತುಂಬುವ ಉಪಾಯ ಕಂಡುಹಿಡಿದರು, ಅಗ್ಗದ ಆ ಡಬ್ಬಿಗಳಿಗೆ ಸುಲ್ತಾನಾ ರಸ ಬಹಳ ಹೋಗುತ್ತಿತ್ತು. ತುರ್ಕಿಯವರು ಮಾತ್ರ ಡೆನಿಜ್ಲಿ ಕಡೆ ಸುಲ್ತಾನಿಯೆ ಎಂಬ ಹೆಸರಿಟ್ಟೇ ಹಗುರವಾದ ಬಿಳಿ ವೈನ್ ಮಾಡುತ್ತಾರೆ, ಎತ್ತರದ ತಂಪು ನೆಲ ಅದು. ಮಣೂಕದಿಂದ ರಾಕಿ ಎಂಬ ಸಾರಾಯಿಯನ್ನೂ ಇಳಿಸುತ್ತಾರೆ.

ನಮ್ಮ ದೇಶದಲ್ಲಿ ಏನಾಯಿತು? ನಾಸಿಕದ ಸೂಲಾ ಕಂಪನಿಯ ಹೆಸರು ನಮ್ಮ ತರುಣರ ಬಾಯಲ್ಲಿ ಬಹಳ ಕೇಳುತ್ತೇವೆ. ಅದನ್ನು ಕಟ್ಟಿದ ರಾಜೀವ್ ಸಾಮಂತ್ ಅವರೂ ಮೊದಲು ಆ ಜಮೀನಿನಲ್ಲಿ ಬೆಳೆದದ್ದು ತಿನ್ನುವ ಥಾಮ್ಸನ್ ದ್ರಾಕ್ಷಿಯನ್ನೇ. ವೈನ್ ಮಾಡಲು ಹೊರಟಾಗ ಅದರಿಂದ ಮಾಡಲಿಲ್ಲ, ಸೊವಿನ್ಯೋ ಬ್ಲಾಂಕ್, ಶೆನಿನ್ ಬ್ಲಾಂಕ್ ಎಂಬ ವೈನ್ ತಳಿಗಳ ಬಳ್ಳಿ ನೆಟ್ಟರು. 2000ರಲ್ಲಿ ಅವರ ಮೊದಲ ವೈನ್ ಮಾರುಕಟ್ಟೆಗೆ ಬಂತು. ಈ ಮಾತನ್ನು ತರುಣ ಗೆಳೆಯರು ಸ್ವಲ್ಪ ವಿಚಾರ ಮಾಡಬೇಕು. ಮಹಾರಾಷ್ಟ್ರ ಸರಕಾರ 2001ರಲ್ಲಿ ವೈನ್ ನೀತಿ ತಂದಾಗ ಅಲ್ಲಿಯ ಎಷ್ಟೋ ರೈತರು ತಿನ್ನುವ ದ್ರಾಕ್ಷಿ ಕಿತ್ತು ವೈನ್ ದ್ರಾಕ್ಷಿ ಹಚ್ಚಿದರು. 2008–09ರಲ್ಲಿ ಪೇಟೆ ಕುಸಿದಾಗ ಕಾರಖಾನೆಗಳು ಮಾಲು ಒಯ್ಯಲಿಲ್ಲ, ಒಯ್ದದ್ದಕ್ಕೆ ಹಣವೂ ಸರಿಯಾಗಿ ಬರಲಿಲ್ಲ. ವೈನ್ ದ್ರಾಕ್ಷಿಯ ತೊಂದರೆ ನೋಡಿ: ಅದನ್ನು ಸಂತೆಗೆ ಒಯ್ಯಲು ಬರುವುದಿಲ್ಲ. ಕಾಳು ಸಣ್ಣದು, ತುಂಬ ಬೀಜ, ಯಾರು ತಿಂದಾರು? ಅವರು ಬಳ್ಳಿ ಕಿತ್ತು ಮತ್ತೆ ಥಾಮ್ಸನ್ ಹಚ್ಚಿದರು. ಥಾಮ್ಸನ್ ಬೆಳೆದವನಿಗೆ ಒಂದು ಬಾಗಿಲು ಮುಚ್ಚಿದರೆ ಇನ್ನೆರಡು ಇವೆ.

ಕರ್ನಾಟಕದಲ್ಲಿ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು, ವೈನ್ ಮಂಡಳಿ ಆಯಿತು. ಬೆಂಗಳೂರು ಸುತ್ತ ನಂದಿ ಕಣಿವೆ, ನಮ್ಮ ಕಡೆ ಕೃಷ್ಣಾ ಕಣಿವೆ ಎಂದು ಭಾಗ ಮಾಡಿದರು. ಮಂಡಳಿಯ ಮೇಳಗಳಿಗೆ ನಾವೂ ಹೋಗಿ ಬಂದಿದ್ದೇವೆ. ಕುಡಿಯುವವರಲ್ಲ, ನೋಡಲು ಹೋದದ್ದು ಎಂದರೆ ನಮ್ಮ ಗೆಳೆಯರು ನಗುತ್ತಾರೆ, ನಗಲಿ. ಅಲ್ಲಿ ನಾವು ನೋಡಿದ್ದು ಸ್ಟೀಲಿನ ಟಾಕಿಗಳನ್ನು, ಅವುಗಳ ಸುತ್ತ ಸುತ್ತಿದ ತಂಪು ನೀರಿನ ಕವಚವನ್ನು. ಬಿಳಿ ವೈನ್ ಹುದುಗುವಾಗ 15 ಡಿಗ್ರಿ ಆಸುಪಾಸು ಹಿಡಿದಿಡಬೇಕು, ವಾರಗಟ್ಟಲೆ. ಹುದುಗುವಾಗ ರಸ ತಾನೇ ಬಿಸಿಯಾಗುತ್ತದೆ. ನಮ್ಮ ಸುಗ್ಗಿ ಬರುವುದು ಮಾರ್ಚಿನಲ್ಲಿ, ಹೊರಗೆ ಬಿಸಿಲು ನಾಲ್ವತ್ತರ ಹತ್ತಿರ. ನಮ್ಮೂರ ಕರೆಂಟಿನ ಕಥೆ ವೇದಿಕೆಯ ಮೇಲಿಂದ ಹೇಳುವುದು ಬೇಡ. ಒಂದು ರಾತ್ರಿ ತಂಪು ತಪ್ಪಿದರೆ ಟಾಕಿಯೊಳಗಿನದು ಕೆಡುತ್ತದೆ, ಅದರೊಳಗಿರುವುದು ಸದಸ್ಯರ ಠೇವಣಿ. ಇದೇ ನಾಲ್ವತ್ತು ಡಿಗ್ರಿ ಬಿಸಿಲು ಮಣೂಕದ ಶೆಡ್ಡಿಗೆ ಪುಕ್ಕಟೆ ಬರುತ್ತದೆ.

ಖರ್ಚಿನ ಬಗೆಯನ್ನೂ ನೋಡಿ. ಒಂದು ಬಾಟ್ಲಿ ವೈನಿಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಹಣ್ಣು ಸಾಕು. ಅಂದರೆ ಬಾಟ್ಲಿಯ ದರದಲ್ಲಿ ಹಣ್ಣಿನ ಪಾಲು ಬಹಳ ಕಡಿಮೆ. ಗಾಜು, ಬೂಚು, ಲೇಬಲ್, ಟಾಕಿ, ಕರೆಂಟು, ಅಬಕಾರಿ ಲೈಸೆನ್ಸು, ಪ್ರತಿ ರಾಜ್ಯಕ್ಕೂ ಬೇರೆ ಬೇರೆ ಸುಂಕ, ಅಂಗಡಿಯವನ ಕಮಿಷನ್, ಇವೇ ದೊಡ್ಡವು. ನಮ್ಮಲ್ಲಿ ಇರುವುದು ಹಣ್ಣು ಒಂದೇ. ಅದು ಅಗ್ಗ ಎಂಬ ಒಂದೇ ಬಲದ ಮೇಲೆ ಬಾಟ್ಲಿಯ ವ್ಯಾಪಾರಕ್ಕೆ ಇಳಿದರೆ ಹೆಸರು ಮಾಡಿದ ಕಂಪನಿಗಳ ಎದುರು ನಿಲ್ಲುವುದು ಹೇಗೆ?

"ಸಹಕಾರಿಗಳು ವೈನ್ ಮಾಡಿಲ್ಲೇನು?" ಎಂದು ಕೇಳಬಹುದು. ಮಾಡಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 1951ರಲ್ಲಿ ಅಲೈಡ್ ಗ್ರೇಪ್ ಗ್ರೋವರ್ಸ್ ಎಂಬ ಬೆಳೆಗಾರರ ಸಹಕಾರಿ ಸಂಸ್ಥೆ ಆಯಿತು, ದೊಡ್ಡ ವೈನ್ ಕಂಪನಿಯನ್ನೇ ಕೊಂಡಿತು. ಇಪ್ಪತ್ತು ವರ್ಷ ಆಗುವ ಮೊದಲೇ, 1960ರ ದಶಕದ ಕೊನೆಯಲ್ಲಿ, ಹ್ಯೂಬ್ಲೈನ್ ಎಂಬ ಮದ್ಯದ ಕಂಪನಿಗೆ ಹೆಚ್ಚಿನ ಪಾಲು ಮಾರಿತು. ವೈನ್ ಮಾಡುವುದು ಬೇರೆ, ವೈನ್ ಮಾರುವುದು ಬೇರೆ. ಅದೇ ನಾಡಿನಲ್ಲಿ ಮಣೂಕದ ಸಹಕಾರಿಯೂ ಹುಟ್ಟಿತು, 1912ರಲ್ಲಿ. 1915ರಿಂದ ಅವರ ಡಬ್ಬಿಯ ಮೇಲೆ ಸನ್-ಮೇಡ್ ಎಂಬ ಹೆಸರು ಬಂತು, ಕೆಂಪು ಟೊಪ್ಪಿಗೆಯ ಹುಡುಗಿ ದ್ರಾಕ್ಷಿ ಬುಟ್ಟಿ ಹಿಡಿದ ಚಿತ್ರ. ಅವರ ದಾರಿಯೂ ಹೂವಿನ ಹಾಸಿಗೆ ಆಗಿರಲಿಲ್ಲ. ಮೊದಲ ಮಹಾಯುದ್ಧದ ನಂತರ ದರ ಏರಿತೆಂದು ಎಲ್ಲರೂ ದ್ರಾಕ್ಷಿಯನ್ನೇ ಹಚ್ಚಿದರು, 1920ರ ದಶಕದ ಮೊದಲಲ್ಲೇ ದರ ನೆಲ ಕಚ್ಚಿತು. ಸಂಘಕ್ಕೆ ಮಾಲು ಕೊಡುವ ಕರಾರಿಗೆ ಸಹಿ ಹಾಕದವರ ತೋಟಕ್ಕೆ ರಾತ್ರಿ ಹೊತ್ತು ಗುಂಪು ಹೋಗಿ ಹೆದರಿಸಿದ್ದೂ ಉಂಟು. ಅದು ಸಹಕಾರವಲ್ಲ, ಗೂಂಡಾಗಿರಿ. ಸಂಸ್ಥೆ ಮುಳುಗುವ ಹಂತಕ್ಕೆ ಹೋಗಿ ಮತ್ತೆ ಕಟ್ಟಿಕೊಂಡಿತು. ಇಂದಿಗೂ ಬೆಳೆಗಾರರದೇ ಸಂಸ್ಥೆಯಾಗಿ ನಡೆದಿದೆ.

ಅಲ್ಲಿಯ ಸರಕಾರದ ಒಂದು ಪ್ರಯೋಗವೂ ತಿಳಿದಿರಲಿ. 1949ರಿಂದ ಒಂದು ನಿಯಮ ಇತ್ತು. ಮಣೂಕ ಹೆಚ್ಚು ಬಂದ ವರ್ಷ ದರ ಬೀಳದಂತೆ ಬೆಳೆಯ ಒಂದು ಪಾಲನ್ನು ಬೇರೆ ತೆಗೆದಿಡಬೇಕು. 2002–03ರಲ್ಲಿ ಆ ಪಾಲು ನೂರಕ್ಕೆ 47, ಮರು ವರ್ಷ 30. ತೆಗೆದಿಟ್ಟ ಮಾಲಿಗೆ ಮೊದಲ ವರ್ಷ ಬೆಳೆದ ಖರ್ಚಿಗಿಂತ ಕಡಿಮೆ ಸಿಕ್ಕಿತು, ಎರಡನೆಯ ವರ್ಷ ಏನೂ ಸಿಗಲಿಲ್ಲ. ಹಾರ್ನ್ ಎಂಬ ರೈತ ಕುಟುಂಬ ಕೊಡುವುದಿಲ್ಲ ಎಂದು ಕೋರ್ಟಿಗೆ ಹೋಯಿತು, 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಪರಿಹಾರ ಕೊಡದೆ ರೈತನ ಮಾಲು ತೆಗೆದುಕೊಳ್ಳುವಂತಿಲ್ಲ ಎಂದಿತು. ಮಾಲು ತಡೆದು ಹಿಡಿದರೆ ದರ ನಿಲ್ಲುತ್ತದೆ ಎಂಬುದು ನಿಜ. ಆದರೆ ತಡೆದು ಹಿಡಿದಾಗಲೂ ಆ ಮಾಲು ರೈತನ ಹೆಸರಿನಲ್ಲೇ ಇರಬೇಕು, ಅವನ ಮನೆ ಖರ್ಚಿಗೆ ಅಷ್ಟರಲ್ಲಿ ಹಣ ಸಿಗಬೇಕು. ನಮ್ಮ ಸಂಘ ಮಾಡಬಹುದಾದ ಕೆಲಸ ಇರುವುದು ಇಲ್ಲೇ.

ನಮ್ಮೂರಲ್ಲಿ ಏನಾಗುತ್ತಿದೆ? ಮಾರ್ಚ್ ಕೊನೆಗೆ ಸಾಲ ತುಂಬಬೇಕು. ಮಣೂಕ ಶೆಡ್ಡಿನಿಂದ ಇಳಿದಿರುವುದಿಲ್ಲ, ಆಗಲೇ ವ್ಯಾಪಾರಿಗೆ ಮಾತು ಕೊಟ್ಟಿರುತ್ತೇವೆ. ಔಷಧ ಅಂಗಡಿಯ ಬಾಕಿ ಬೇರೆ. ಏಪ್ರಿಲ್ ಚಾಟ್ನಿಯ ಕೂಲಿ ಬೇರೆ. ಎಲ್ಲರೂ ಒಂದೇ ಹದಿನೈದು ದಿನದಲ್ಲಿ ತಾಸಗಾಂವ್, ಸಾಂಗ್ಲಿ ಪೇಟೆಗೆ ಮಾಲು ಹಾಕಿದರೆ ದರ ಇಳಿಯದೆ ಏನಾದೀತು? ಕೆಲವು ವರ್ಷದ ಹಿಂದೆ ಹೊರಗಿನ ಒಬ್ಬ ವ್ಯಾಪಾರಿ ಚೀಟಿಯ ಮೇಲೆ ಮಾಲು ಒಯ್ದ, ನಮ್ಮ ಓಣಿಯ ನಾಲ್ಕು ಮನೆಯವರದು ಅದರಲ್ಲಿತ್ತು, ನಮ್ಮದೂ ಇತ್ತು. ಅರ್ಧ ಹಣ ಬಂತು, ಉಳಿದರ್ಧಕ್ಕೆ ಫೋನೇ ಎತ್ತಲಿಲ್ಲ. ಆ ವರ್ಷ ಪಕ್ಕದ ಮನೆಯ ಕಾಕಾ ಮಗಳ ಲಗ್ನ ಮುಂದೆ ಹಾಕಿದರು. ನೂರಾರು ಟನ್ ಮಾಲು ಬೆಳೆಯುವ ಊರಿನಲ್ಲಿ ಲಗ್ನ ಮುಂದೆ ಹೋಗುವುದು ಮಾಲು ಇಲ್ಲದೆ ಅಲ್ಲ, ಕಾಯುವ ತಾಕತ್ತು ಇಲ್ಲದೆ.

ಮಾಲಿನ ಸ್ವಚ್ಛತೆಯ ಬಗ್ಗೆಯೂ ಒಂದು ಮಾತು. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಔಷಧದ ಉಳಿಕೆ ಸಿಕ್ಕು ಮಾಲು ಅಲ್ಲಲ್ಲೇ ನಿಂತಿತು. ನಾವು ಏಪ್ರಿಲ್ ಚಾಟ್ನಿಯ ನಂತರ ಬಳ್ಳಿಯ ಓಟ ತಡೆಯಲು ಲಿಹೋಸಿನ್ ಅಂತ ಹೊಡೆಯುತ್ತಿದ್ದೆವಲ್ಲ, ಅದೇ. ಚಾಟ್ನಿಯಲ್ಲಿ ಹೊಡೆದದ್ದು ತಿಂಗಳುಗಳ ನಂತರ ಹಣ್ಣಿನಲ್ಲಿ ಸಿಕ್ಕಿತು. ಒಣಗಿಸಿದರೆ ನೀರು ಹೋಗುತ್ತದೆ, ಔಷಧವೆಲ್ಲ ಅದರ ಜೊತೆ ಹೋಗುವುದಿಲ್ಲ. ನಾಲ್ಕು ಕಿಲೋದಲ್ಲಿದ್ದದ್ದು ಒಂದು ಕಿಲೋದಲ್ಲಿ ಕೂಡಬಹುದು. ಬಣ್ಣಕ್ಕೆಂದು ಗಂಧಕದ ಹೊಗೆ ಕೊಡುವವರು ಕೈ ಹಿಡಿದು ಕೊಡಬೇಕು. ಮಣೂಕ ತಿನ್ನುವವರು ಬಾಣಂತಿಯರು, ಮಕ್ಕಳು.

ತಾಯಂದಿರ ಪ್ರಶ್ನೆಗೆ ಬರುತ್ತೇವೆ. ವೈನ್ ಸಾರಾಯಿ ಅಲ್ಲ, ಹಣ್ಣಿನ ರಸ, ಆರೋಗ್ಯಕ್ಕೆ ಒಳ್ಳೆಯದು ಎಂದು ಕೆಲವರು ಅವರಿಗೆ ತಿಳಿ ಹೇಳಲು ಹೋದರು. ನಾವು ಆ ಮಾತನ್ನು ಒಪ್ಪುವುದಿಲ್ಲ. ಹನ್ನೆರಡರಷ್ಟು ಮದ್ಯಸಾರ ಇದ್ದದ್ದು ಮದ್ಯವೇ. ವಿಶ್ವ ಆರೋಗ್ಯ ಸಂಸ್ಥೆಯೇ ಮದ್ಯದಲ್ಲಿ ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಪ್ರಮಾಣವಿಲ್ಲ ಎಂದು 2023ರಲ್ಲಿ ಹೇಳಿದೆ. ಹಾಗಂತ ವೈನ್ ಮಾಡುವವರೆಲ್ಲ ಪಾಪಿಗಳು ಎಂದೂ ನಾವು ಹೇಳುವುದಿಲ್ಲ. ಕಾಯ್ದೆ ಪ್ರಕಾರ ನಡೆಯುವ ಉದ್ಯೋಗ, ಯಾರಾದರೂ ಸ್ವಂತ ಬಂಡವಾಳದಿಂದ ಮಾಡಿದರೆ ಅವರ ಇಷ್ಟ, ಅವರಿಗೆ ನಮ್ಮ ಹಣ್ಣನ್ನೂ ಮಾರೋಣ. ಆದರೆ ನಮ್ಮ ಸಂಘದ ಠೇವಣಿಯಲ್ಲಿ ಈ ತಾಯಂದಿರು ವಾರವಾರ ಕೂಡಿಟ್ಟ ಹಣವೂ ಇದೆ. ಇವರಲ್ಲಿ ಕೆಲವರ ಮನೆಯಲ್ಲಿ ಕುಡಿತದಿಂದ ಏನಾಗಿದೆ ಎಂಬುದು ಊರಿಗೇ ಗೊತ್ತು. ಅವರ ಹಣ ಹಾಕುವಾಗ ಅವರನ್ನು ಕೇಳಬೇಕು. ಕೇಳಿದ್ದೇವೆ, ಬೇಡ ಅಂದಿದ್ದಾರೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ರೈತನನ್ನು ಸಾಲದ ಬಾಯಿಂದ ಬಿಡಿಸಲು. ನಮ್ಮದೂ ಅದೇ ಗೋತ್ರದ ಸಂಘ.

ಆದ್ದರಿಂದ ಆಡಳಿತ ಮಂಡಳಿಯಲ್ಲಿ ನಾವು ಇಟ್ಟಿರುವ ಮಾತು ಹೀಗಿದೆ. ಸಂಘದ ನಿಧಿಯನ್ನು ವೈನ್ ಘಟಕಕ್ಕೆ ಹಾಕಬಾರದು. ಅದನ್ನು ಮಣೂಕದ ಒತ್ತೆ ಸಾಲಕ್ಕೆ ಹಾಕಬೇಕು. ಸದಸ್ಯ ತನ್ನ ಮಣೂಕವನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ರಸೀದಿ ತಂದರೆ, ಆ ದಿನದ ದರದ ಮೇಲೆ ಒಂದು ಪಾಲು ಮುಂಗಡ ಸಿಗಬೇಕು. ಮಾಲು ಅವನದೇ, ಶ್ರಾವಣದಲ್ಲಿ ಮಾರಲಿ, ದೀಪಾವಳಿಗೆ ಮಾರಲಿ. ಇದರಲ್ಲಿ ತೊಂದರೆ ಇಲ್ಲ ಅಂತಿಲ್ಲ. ದರ ಇನ್ನೂ ಇಳಿದರೆ ಬಾಡಿಗೆ, ಬಡ್ಡಿ ಎರಡೂ ಮೈಮೇಲೆ ಬರುತ್ತವೆ. ಅದಕ್ಕೇ ಮುಂಗಡವನ್ನು ಅಧ್ಯಕ್ಷರು ಹೇಳಿದಷ್ಟು ಉದಾರವಾಗಿ ಕೊಡುವುದು ಬೇಡ ಎಂದು ನಾವು ವಾದ ಮಾಡಿದ್ದೇವೆ, ಅವರು ಇಲ್ಲೇ ಕುಳಿತಿದ್ದಾರೆ, ಬೇಜಾರು ಮಾಡಿಕೊಳ್ಳಬಾರದು. ಡಿಪ್ಪಿಂಗ್ ಆಯಿಲ್, ಪೌಡರನ್ನು ಒಟ್ಟಿಗೆ ಖರೀದಿ ಮಾಡಿ ಹಂಚುವುದು ಎರಡನೆಯದು, ಅದಕ್ಕೆ ಯಾರ ತಕರಾರೂ ಇಲ್ಲ. ಮಹಾರಾಷ್ಟ್ರದಲ್ಲಿ 1991ರಲ್ಲಿ ಹಲವು ಸಹಕಾರಿ ಸಂಘಗಳು ಕೂಡಿ ಮಹಾಗ್ರೇಪ್ಸ್ ಎಂದು ಮಾಡಿಕೊಂಡು ಹೊರದೇಶಕ್ಕೆ ಹಣ್ಣು ಕಳಿಸಿದವು. ನಮ್ಮ ಸುತ್ತಿನ ಸಂಘಗಳೂ ಒಂದೇ ಗ್ರೇಡಿನಲ್ಲಿ, ಒಂದೇ ಹೆಸರಿನ ಪೊಟ್ಟಣದಲ್ಲಿ ಮಣೂಕ ಮಾರಬಹುದು. ಶಾಲೆಯ ಮಕ್ಕಳಿಗೆ, ಅಂಗನವಾಡಿಗೆ ಒಣದ್ರಾಕ್ಷಿ ಕೊಡಿ ಎಂಬ ನಮ್ಮ ಕಡೆಯ ಬೆಳೆಗಾರರ ಬೇಡಿಕೆಗೂ ಆಗ ಬಲ ಬರುತ್ತದೆ. ವೈನ್ ದ್ರಾಕ್ಷಿಯನ್ನೇ ಹಚ್ಚಬೇಕೆಂಬ ತರುಣರು ಕಂಪನಿಯ ಲಿಖಿತ ಕರಾರು ತಂದು ತೋರಿಸಲಿ, ಎಷ್ಟು ವರ್ಷ ಒಯ್ಯುತ್ತಾರೆ, ಒಯ್ಯದಿದ್ದರೆ ಏನು ಎಂಬುದು ಅದರಲ್ಲಿ ಇರಲಿ, ಸಾಲದ ಅರ್ಜಿಯನ್ನು ಉಳಿದ ಬೆಳೆಗಳಂತೆ ನೋಡುತ್ತೇವೆ.

ಇವನ್ನೆಲ್ಲ ಮುಂದಿನ ಸರ್ವಸಾಧಾರಣ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಲು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇವೆ. ಪರವಾಗಿ ಇರುವವರೂ ಬರ್ರಿ, ವಿರೋಧ ಇರುವವರೂ ಬರ್ರಿ, ಮತ ಹಾಕಿ ಹೋಗ್ರಿ. ಬ್ರಿಕ್ಸ್ ನೋಡುವ ಮೀಟರು ಎರಡು ಸಂಘದ ಆಫೀಸಿನಲ್ಲಿ ಇವೆ. ಕೊಯ್ಯುವ ಮೊದಲು ಯಾರು ಬೇಕಾದರೂ ರಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬಹುದು, ಸಂಜೆಯ 5 ಗಂಟೆಯೊಳಗೆ ಗಾಜು ಒರೆಸಿ ತಂದು ಕೊಡಬೇಕು. ಹೋದ ವರ್ಷ ಒಯ್ದ ಮೂರನೆಯದು ಇನ್ನೂ ಬಂದಿಲ್ಲ.